ಎ.ಸಿ. ಬಕೆಟ್ಟಿನ ನೀರು

ಪಾಸ್‌ಪೋರ್ಟ್ ಇರಲಿಲ್ಲ.

ಸುಂದರ ಸೂಟ್‌ಕೇಸನ್ನು ಮೂರನೆಯ ಸಲ ಮಂಚದ ಮೇಲೆ ಬೋರಲು ಹಾಕಿದ. ಅಂಗಿಗಳನ್ನು ಒಂದೊಂದಾಗಿ ಕೊಡವಿದ. ವಿಮಾನದ ಟಿಕೆಟ್ ಸಿಕ್ಕಿತು. ಮಗಳಿಗೆಂದು ಕೊಂಡ, ಕಣ್ಣು ಮುಚ್ಚಿ ತೆರೆಯುವ ಗೊಂಬೆ ಸಿಕ್ಕಿತು. ಟಿಕೆಟ್ಟಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಪಾಸ್‌ಪೋರ್ಟ್ ಮಾತ್ರ ಇಲ್ಲ. ರಬ್ಬರ್ ಬ್ಯಾಂಡ್ ಟಿಕೆಟ್ಟಿನ ಮೇಲೆ ಹಾಗೆಯೇ ಇತ್ತು.

"ಲೀಲಾಧರಾ, ಇಲ್ಲಿ ಬಾ ಮಾರಾಯ."

ಲೀಲಾಧರ ಬಾಲ್ಕನಿಯಲ್ಲಿದ್ದ. ಎ.ಸಿ.ಯ ಪೈಪಿನ ಕೆಳಗಿನ ಬಕೆಟ್ಟು ತುಂಬಿತ್ತು. ಆ ನೀರಲ್ಲಿ ತನ್ನ ಒದ್ದೆ ಚಡ್ಡಿ, ಬನಿಯನು ಜಾಲಿಸಿ ಹಿಂಡಿ, ಬಕೆಟ್ಟನ್ನು ಮೋರಿಗೆ ಚೆಲ್ಲಿ, ಮತ್ತೆ ಪೈಪಿನ ಕೆಳಗಿಟ್ಟು ಒಳಗೆ ಬಂದ.

ಎಂಬತ್ತೆರಡರ ಆಗಸ್ಟ್, ಶುಕ್ರವಾರ, ಸಂಜೆ ಐದು ಗಂಟೆ. ಬಹರೈನಿನ ಸೆಗಯಾ ಬಡಾವಣೆಯ ಎರಡನೆಯ ಮಾಳಿಗೆಯ ಆ ಕೋಣೆಯಲ್ಲಿ ಮೂವರ ವಾಸ. ಸುಂದರ ಬಡಗಿ. ಲೀಲಾಧರ ಎ.ಸಿ. ಮೆಕ್ಯಾನಿಕ್. ಮೂರನೆಯವನು ಚೆನ್ನಪ್ಪ, ಮನಾಮಾದ ಒಂದು ಹೋಟೆಲಿನಲ್ಲಿ ಅಡುಗೆಯವನು, ಸುಂದರನ ಊರಿನವನೇ. ಶುಕ್ರವಾರ ಹೋಟೆಲಿಗೆ ಬಿಡುವಿಲ್ಲದ ದಿನ, ಹಾಗಾಗಿ ಅವನು ಡ್ಯೂಟಿಗೆ ಹೋಗಿದ್ದ. ಉಳಿದಿಬ್ಬರೂ ನೆರೆಯ ಕೆಲವರೂ ಸುಂದರನನ್ನು ಊರಿಗೆ ಕಳಿಸುವ ನೆಪದಲ್ಲಿ ಬೆಳಗಿನ ಜಾವವೇ ಅದಾರಿಯ ಕೊಳಕ್ಕೆ ಪಿಕ್‌ನಿಕ್ ಹೋಗಿದ್ದರು. ಖರ್ಜೂರದ ಮರಗಳ ನೆರಳು, ತಣ್ಣನೆಯ ಚಿಲುಮೆ ನೀರು, ಕೋಳಿ ಸುಕ್ಕ. ಆಗಸ್ಟಿನಲ್ಲಿ ಬಹರೈನಿನ ಬಿಸಿಲಿಗೆ ಇದಕ್ಕಿಂತ ದೊಡ್ಡ ಸುಖ ನಮ್ಮವರಿಗೆ ಇರಲಿಲ್ಲ.

ಸುಂದರ ಬಹರೈನಿಗೆ ಬಂದು ನಾಲ್ಕು ವರ್ಷ. ಬರುವಾಗ ಹೆಂಡತಿ ಚಂದ್ರಾವತಿ ಬಸುರಿ. ಮಗಳು ವಿನೋದಾಳನ್ನು ಫೋಟೋದಲ್ಲಿ ನೋಡಿದ್ದಷ್ಟೇ. ಆ ಮಗುವಿನ ಎದೆಯಲ್ಲಿ ತೂತು. ಬುಧವಾರ ಬೆಳಿಗ್ಗೆ ಊರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಅಪ್ಪ ಬಂದು ಕೈ ಹಿಡಿಯದೆ ಒಳಗೆ ಹೋಗುವುದಿಲ್ಲ ಎಂದು ಮಗು ಹಠ ಹಿಡಿದಿದೆ ಎಂದು ಕಾಗದ ಬಂದಿತ್ತು. ಶನಿವಾರ ಮಧ್ಯಾಹ್ನದ ವಿಮಾನ ಹತ್ತಿದರೆ ಬೊಂಬಾಯಿ, ಅಲ್ಲಿಂದ ಬಸ್ಸು, ಸೋಮವಾರ ಊರು. ಅದು ತಪ್ಪಿದರೆ ತಿಂಗಳ ಕೊನೆಯವರೆಗೂ ಸೀಟಿಲ್ಲ. ಕಂಪನಿಯವರು ಗುರುವಾರ ಸಂಜೆಯಷ್ಟೇ ಪಾಸ್‌ಪೋರ್ಟನ್ನು ಅವನ ಕೈಗೆ ಕೊಟ್ಟಿದ್ದರು.

"ಬೀಗ ಒಡೆದಿಲ್ಲ," ಎಂದ ಲೀಲಾಧರ. "ಯಾರೂ ಯಾವುದನ್ನೂ ಮುಟ್ಟಬೇಡಿ."

ಈ ಮಾತು ಅವನದಲ್ಲ. ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಂಡ ಪತ್ತೇದಾರಿ ಕಾದಂಬರಿಗಳು ಅವನ ಮಂಚದಡಿಯಲ್ಲಿ ಒಂದು ಪೆಟ್ಟಿಗೆ ತುಂಬ ಇದ್ದವು. ಇಂಥ ಒಂದು ದಿನಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಗೆಳೆಯನ ಮನೆ ಮುಳುಗುತ್ತಿರುವಾಗಲೂ ಒಳಗೊಳಗೆ ಅವನಿಗೆ ಸ್ವಲ್ಪ ಹುರುಪೇ ಬಂದಿತ್ತು. ಅದನ್ನು ನೆನೆದರೆ ಅವನಿಗೆ ಇಂದಿಗೂ ನಾಚಿಕೆಯಾಗುತ್ತದೆ.

* * *

ಸೂಟ್‌ಕೇಸಿನಲ್ಲಿ ಎರಡು ಪೊಟ್ಟಣಗಳಿದ್ದವು. ಒಂದು ಪೇಪರಿನಲ್ಲಿ ಸುತ್ತಿದ್ದು. ಮೇಲೆ ಮಾರ್ಕರಿನಲ್ಲಿ, 'ಸರೋಜಿನಿಗೆ, ಅಪ್ಪನಿಂದ' ಎಂದಿತ್ತು.

"ಅದು ಬಿಡು," ಎಂದು ಸುಂದರ ಥಟ್ಟನೆ ತೆಗೆದುಕೊಂಡ. "ಚೆನ್ನಪ್ಪಣ್ಣನ ಮಗಳಿಗೆ. ಸೋಮವಾರ ಅವಳ ನಿಶ್ಚಿತಾರ್ಥ."

"ಇದು?"

ಎರಡನೆಯದು ಬ್ರೌನ್ ಪೇಪರಿನದು. ಸುಂದರ ಅದನ್ನು ತಿರುಗಿಸಿ ನೋಡಿದ. "ಇದು ನಾನಿಟ್ಟದ್ದಲ್ಲ. ನಿನ್ನೆ ರಾತ್ರಿ ಇರಲಿಲ್ಲ."

ಲೀಲಾಧರನ ಕಣ್ಣು ಹೊಳೆಯಿತು. ಕೋಣೆಯ ಕೀಲಿಕೈ ನಾಲ್ಕು. ಮೂವರ ಹತ್ತಿರ ಮೂರು. ನಾಲ್ಕನೆಯದು ಕೆಳಗಿನ ಮನೆಯ ಕುಸುಮಾವತಿಯಲ್ಲಿ. ಜ್ವರ ಬಂದು ಮಲಗಿದರೆ ಗಂಜಿ ತಂದುಕೊಡುವ ಆ ಹೆಂಗಸಿಗೆ ಇವರೇ ಕೊಟ್ಟದ್ದು. ಅವಳು ಇವತ್ತು ಪಿಕ್‌ನಿಕ್ಕಿಗೂ ಬಂದಿರಲಿಲ್ಲ.

ಪೊಟ್ಟಣ ಹಿಡಿದು ಅವನು ದಡದಡನೆ ಕೆಳಗಿಳಿದ.

"ಕುಸುಮಕ್ಕ, ಇದು ನಿಮ್ಮದಾ?"

ಅವಳ ಮುಖ ಸಣ್ಣದಾಯಿತು. "ಹೌದು. ಅಮ್ಮನಿಗೆ. ಕೇಳಿದ್ದಕ್ಕೆ ಸುಂದರ ತೂಕ ಜಾಸ್ತಿ ಆಗ್ತದೆ ಅಂದ. ಅದಕ್ಕೆ ಬೆಳಿಗ್ಗೆ ನೀವೆಲ್ಲ ಹೋದ ಮೇಲೆ ಆರೂವರೆಗೆ ಬಂದು ಇಟ್ಟೆ. ತಪ್ಪಾಯ್ತು."

"ಎಷ್ಟು ಹೊತ್ತು ಇದ್ರಿ?"

"ಒಳಗೆ ಒಲೆಯ ಹಾಗೆ ಇತ್ತು ಮಾರಾಯ್ರೆ. ಎರಡು ನಿಮಿಷ ನಿಲ್ಲಲಿಕ್ಕೆ ಆಗ್ಲಿಲ್ಲ."

"ಪಾಸ್‌ಪೋರ್ಟ್ ಎಲ್ಲಿ?"

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಲೀಲಾಧರ ಬ್ಲೇಡಿನಿಂದ ಪೊಟ್ಟಣ ಸೀಳಿಯೂ ಆಗಿತ್ತು. ಎರಡು ಡಬ್ಬ ಹಾಲಿನ ಪುಡಿ, ನೋವಿನ ಎಣ್ಣೆ, ಸೊಂಟಕ್ಕೆ ಕಟ್ಟುವ ಬೆಲ್ಟು. ಒಂದು ಡಬ್ಬದ ಮುಚ್ಚಳ ಹಾರಿ ಹಾಲಿನ ಪುಡಿ ನೆಲಕ್ಕೆ ಚೆಲ್ಲಿತು.

"ನೋಡಿ ಆಯ್ತಾ?" ಎಂದಳು ಕುಸುಮಾವತಿ. ಒಳಗೆ ಹೋಗಿ ಕೀಲಿಕೈ ತಂದು ಅವನ ಅಂಗೈಯಲ್ಲಿಟ್ಟಳು. "ಇನ್ನು ಜ್ವರ ಬಂದ್ರೆ ಬೇರೆ ಯಾರನ್ನಾದ್ರೂ ಕರಿರಿ." ಬಾಗಿಲು ಹಾಕಿಕೊಂಡಳು.

* * *

ಆರು ಗಂಟೆಗೆ ಚೆನ್ನಪ್ಪ ಬಂದ. ಹೆಗಲಲ್ಲಿ ಯೂನಿಫಾರ್ಮಿನ ಚೀಲ. ಸುದ್ದಿ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಎಲ್ಲರಿಗಿಂತ ಹೆಚ್ಚು ಹುಡುಕಿದವನು ಅವನೇ. ಹಾಸಿಗೆ ಮಗುಚಿದ. ಅಕ್ಕಿಯ ಡಬ್ಬದೊಳಗೆ ಕೈ ಹಾಕಿದ. ತನ್ನ ಟ್ರಂಕನ್ನು ತಾನೇ ತೆಗೆದು ತೋರಿಸಿದ.

"ವ್ಯಾನಿನಲ್ಲಿ ಬಿದ್ದಿತ್ತೋ ಏನೋ. ಹಸನಬ್ಬಾಕನನ್ನು ಕೇಳಿದ್ರಾ?" ಎಂದ.

ಹಸನಬ್ಬ, ಕಿರಿಯರ ಬಾಯಲ್ಲಿ ಹಸನಬ್ಬಾಕ, ಪಕ್ಕದ ಗಲ್ಲಿಯವನು, ಇವರನ್ನು ಅದಾರಿಗೆ ಕರೆದೊಯ್ದ ವ್ಯಾನಿನ ಡ್ರೈವರ್. ಮಧ್ಯಾಹ್ನ ಹನ್ನೊಂದೂವರೆಗೆ ವ್ಯಾನು ತೆಗೆದುಕೊಂಡು ಹೋದವನು ಒಂದೂಕಾಲಿಗೆ ವಾಪಸು ಬಂದಿದ್ದ. ಎಲ್ಲಿಗೆಂದು ಹೇಳಿರಲಿಲ್ಲ. ಲೀಲಾಧರನಿಗೆ ಇದು ಸಾಕಾಯಿತು. ಸಾಚಾ ಮನುಷ್ಯನೇ ಕೊನೆಗೆ ಕಳ್ಳನಾಗುವ ಕಥೆಗಳನ್ನು ಅವನು ಎಷ್ಟು ಓದಿರಲಿಲ್ಲ!

ಹಸನಬ್ಬ ಗಲ್ಲಿಯಲ್ಲಿ ವ್ಯಾನು ತೊಳೆಯುತ್ತಿದ್ದ.

"ಮಧ್ಯಾಹ್ನ ನೀವು ಎಲ್ಲಿಗೆ ಹೋದದ್ದು ಹಸನಬ್ಬಾಕ?"

"ಇವತ್ತು ಎಂತ ವಾರ?"

"ಶುಕ್ರವಾರ."

"ಹಾಂ. ಶುಕ್ರವಾರ ಮಧ್ಯಾಹ್ನ ನಾನು ಎಲ್ಲಿಗೆ ಹೋಗ್ತೇನೆ?"

ಲೀಲಾಧರನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹಸನಬ್ಬ ಬಟ್ಟೆ ಹಿಂಡಿದ. "ನಮಾಜಿಗೆ ಹೋದವನನ್ನು ಕಳ್ಳ ಅಂತ ಕೇಳಲಿಕ್ಕೆ ಬಂದದ್ದಲ್ವಾ ನೀನು? ಇರಲಿ. ಬೆಳಿಗ್ಗೆ ಬರ್ತೇನೆ. ಪಾಸ್‌ಪೋರ್ಟ್ ಸಿಕ್ಕಿದ್ರೆ ಏರ್‌ಪೋರ್ಟಿಗೆ ಬಿಡ್ತೇನೆ. ಸುಂದರನ ಮುಖ ನೋಡಿ, ನಿನ್ನ ಮುಖ ನೋಡಿ ಅಲ್ಲ."

* * *

ಶನಿವಾರ ಬೆಳಿಗ್ಗೆ ಐದೂವರೆಗೆ ಹಸನಬ್ಬ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕ್ಯಾನು. ಬಹರೈನಿನ ನಳ್ಳಿಯ ನೀರು ಉಪ್ಪು. ಎ.ಸಿ.ಯಿಂದ ಬೀಳುವ ನೀರಲ್ಲಿ ಉಪ್ಪಿಲ್ಲ. ಅದನ್ನು ಅವನು ದಿನಾ ಕ್ಯಾನಿಗೆ ತುಂಬಿಕೊಂಡು ವ್ಯಾನಿನ ರೇಡಿಯೇಟರಿಗೆ ಹಾಕುತ್ತಿದ್ದ. ನಿನ್ನೆ ಪಿಕ್‌ನಿಕ್ಕಿಗೆ ಹೊರಡುವ ಮುಂಚೆಯೂ ಬಕೆಟ್ಟನ್ನು ಪೂರ್ತಿ ಬರಿದು ಮಾಡಿದ್ದ.

ಸುಂದರ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಮುಚ್ಚಿರಲಿಲ್ಲ. ಚೆನ್ನಪ್ಪ ಯೂನಿಫಾರ್ಮು ಮಡಚಿ ಚೀಲಕ್ಕೆ ತುಂಬುತ್ತಿದ್ದ.

"ಎಂತ ಇದು?" ಬಾಲ್ಕನಿಯಿಂದ ಹಸನಬ್ಬ ಕೂಗಿದ. "ರಾತ್ರಿಯಿಡೀ ಎ.ಸಿ. ಹಾಕಿದ್ದೀರಿ, ಬಕೆಟ್ಟಿನಲ್ಲಿ ಒಂದು ಲೋಟ ನೀರಿಲ್ಲ."

ಲೀಲಾಧರ ಎದ್ದು ಕೂತ.

ಬಕೆಟ್ಟು ಖಾಲಿ. ಎ.ಸಿ. ಮಾತ್ರ ಗುಡುಗುಡು ಓಡುತ್ತಿದೆ. ಹಾಗಾದರೆ ನೀರು ಎಲ್ಲಿ? ಅವನ ಕಣ್ಣು ಗೋಡೆಗೆ ಹೋಯಿತು. ಎ.ಸಿ.ಯ ಮುಂಬದಿಯಿಂದ ತೆಳ್ಳನೆಯ ನೀರು ಒಳಗೋಡೆಯಲ್ಲಿ ಇಳಿದು ಸುಂದರನ ಬೆನ್ನಿನವರೆಗೂ ಬಂದಿತ್ತು. ಬೆನ್ನು ಒದ್ದೆಯಾದದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಎ.ಸಿ.ಯೊಳಗೆ ನೀರು ಹಿಡಿಯುವ ತಟ್ಟೆಯ ತೂತು ಕಟ್ಟಿದರೆ ಮಾತ್ರ ಹೀಗಾಗುತ್ತದೆ. ತಿಂಗಳ ಹಿಂದಷ್ಟೇ ಲೀಲಾಧರ ಆ ತೂತನ್ನು ತನ್ನ ಕೈಯಾರೆ ಚೊಕ್ಕ ಮಾಡಿದ್ದ.

ಇನ್ನೊಂದು ಸಂಗತಿ ಆಗ ಹೊಳೆಯಿತು. ನಿನ್ನೆ ಸಂಜೆ ತಾನು ಚಡ್ಡಿ ಜಾಲಿಸಿದ್ದು ತುಂಬಿದ ಬಕೆಟ್ಟಿನಲ್ಲಿ!

"ಯಾರೂ ಹೊರಗೆ ಹೋಗಬೇಡಿ," ಎಂದ. ಈ ಸಲ ಅದು ಪುಸ್ತಕದ ಮಾತಾಗಿರಲಿಲ್ಲ. ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಗೆ ಓಡಿ ಒಂದು ಫೋನು ಮಾಡಿ ಬಂದ. ಎ.ಸಿ. ಬಂದ್ ಮಾಡಿದ. ಮುಂದಿನ ಜಾಲರಿ ಕಳಚಿದ. ಫಿಲ್ಟರ್ ಎಳೆದ. ಗಾಳಿ ತಂಪು ಮಾಡುವ ಕಾಯಿಲಿನ ಕೆಳಗಿನ ಆ ತಟ್ಟೆಗೆ ಬೆರಳು ಹಾಕಿದ.

ಪಾಸ್‌ಪೋರ್ಟು ಹೊರಗೆ ಬಂತು. ನೀರಿಗೆ ಬಿದ್ದ ದೋಸೆಯ ಹಾಗೆ ಉಬ್ಬಿತ್ತು.

* * *

ಸುಂದರ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಪುಟಗಳು ಅಂಟಿಕೊಂಡಿದ್ದವು. ಪಾಸ್‌ಪೋರ್ಟ್ ಆಫೀಸಿನವರು ಶಾಯಿಯಲ್ಲಿ ಬರೆದ ಹೆಸರು, ಊರು, ಹುಟ್ಟಿದ ದಿನ ಎಲ್ಲ ಹರಡಿ ನೀಲಿ ಕಲೆಯಾಗಿತ್ತು. ವೀಸಾದ ಮೊಹರು ಕರಗಿತ್ತು. ಫೋಟೋ ಬೆರಳಿಗೆ ಅಂಟಿ ಬಂತು.

"ಇದನ್ನು ಹಿಡಿದುಕೊಂಡು ಹೋಗ್ಲಿಕ್ಕೆ ಬಿಡ್ತಾರಾ?" ಎಂದು ಕೇಳಿದ.

ಹಸನಬ್ಬ ಖಾಲಿ ಕ್ಯಾನನ್ನು ನೆಲಕ್ಕಿಟ್ಟ.

"ಹೇಳು, ಯಾರು?" ಎಂದ ಹಸನಬ್ಬ.

ಲೀಲಾಧರ ಚೆನ್ನಪ್ಪನ ಕಡೆ ತಿರುಗಿದ. "ಚೆನ್ನಪ್ಪಣ್ಣ, ನಿನ್ನೆ ಬೆಳಿಗ್ಗೆ ಹಸನಬ್ಬಾಕ ಬಕೆಟ್ಟು ಬರಿದು ಮಾಡಿದ್ರು. ಸುಂದರ ಎ.ಸಿ. ಬಂದ್ ಮಾಡಿ ಬೀಗ ಹಾಕಿದ. ಆರೂವರೆಗೆ ಕುಸುಮಕ್ಕ ಬಂದಾಗ ಕೋಣೆ ಒಲೆಯ ಹಾಗಿತ್ತು. ಅಂದ್ರೆ ಎ.ಸಿ. ಬಂದ್ ಇತ್ತು. ನಾವು ನಾಲ್ಕೂವರೆಗೆ ಬಂದಾಗ ಬಕೆಟ್ಟು ತುಂಬಿತ್ತು. ಅಷ್ಟು ನೀರು ಬೀಳಲಿಕ್ಕೆ ಏಳೆಂಟು ಗಂಟೆ ಎ.ಸಿ. ಓಡಬೇಕು. ಕಳ್ಳ ಬಂದು ಕದ್ದು ಹೋಗ್ತಾನೆ. ಎಂಟು ಗಂಟೆ ತಂಪಿನಲ್ಲಿ ಮಲಗುವುದಿಲ್ಲ. ಮಲಗುವವನು ಈ ಕೋಣೆಯವನೇ. ನಾನು, ಸುಂದರ ಅದಾರಿಯಲ್ಲಿದ್ದೆವು."

"ನಾನು ಡ್ಯೂಟಿ..."

"ಈಗ ಹೋಟೆಲಿಗೆ ಫೋನ್ ಮಾಡಿದೆ. ನಿಮ್ಮನ್ನು ಕೆಲಸದಿಂದ ತೆಗೆದು ಆರು ವಾರ ಆಯ್ತಂತೆ. ಶುಕ್ರವಾರ ಇಡೀ ದಿನ ಬಿರಿಯಾನಿ ಮಾಡಿ ಬಂದವನ ಮೈಯಲ್ಲಿ ನೀರುಳ್ಳಿಯ ವಾಸನೆ ಇರ್ಲಿಲ್ಲ. ಅದೂ ನನಗೆ ನಿನ್ನೆ ಹೊಳೀಲಿಲ್ಲ. ನಾವು ಬರುವ ಸ್ವಲ್ಪ ಮುಂಚೆ ಎ.ಸಿ. ಬಂದ್ ಮಾಡಿ ಪಾಸ್‌ಪೋರ್ಟನ್ನು ಜಾಲರಿಯ ಹಿಂದೆ ಇಟ್ರಿ. ಎಲ್ಲ ಕಡೆ ಹುಡುಕ್ತಾರೆ, ಅಲ್ಲಿ ಮಾತ್ರ ಯಾರೂ ನೋಡುವುದಿಲ್ಲ ಅಂತ."

ಚೆನ್ನಪ್ಪ ಮಂಚದ ಅಂಚಿನಲ್ಲಿ ಕೂತ. ಯೂನಿಫಾರ್ಮಿನ ಚೀಲವನ್ನು ಎದೆಗೆ ಅಪ್ಪಿಕೊಂಡಿದ್ದ.

"ನೀನು ಫಿಲ್ಟರ್ ತೊಳೆಯುವಾಗ ನೋಡಿದ್ದೆ," ಎಂದ. "ಒಳಗೆ ನೀರು ಇರ್ತದೆ ಅಂತ ಗೊತ್ತಿರ್ಲಿಲ್ಲ. ಬದಿಯಲ್ಲಿ ನಿಲ್ಲಿಸಿ ಇಟ್ಟಿದ್ದೆ. ಜಾರಿ ಬಿತ್ತೋ ಏನೋ. ವಾಪಸು ಕೊಡಬೇಕು ಅಂತಲೇ ಇತ್ತು, ದೇವರಾಣೆ."

"ಯಾಕೆ?" ಎಂದ ಸುಂದರ.

"ಸೋಮವಾರ ಸರೋಜಿನಿಯ ನಿಶ್ಚಿತಾರ್ಥ. ಅಪ್ಪ ಬಹರೈನಿನ ಹೋಟೆಲಿನಲ್ಲಿ ಕುಕ್ ಅಂತ ಹುಡುಗನ ಕಡೆಯವರು ಒಪ್ಪಿದ್ದು. ನೀನು ಅಲ್ಲಿಗೆ ಹೋಗ್ತಿ. ಹುಡುಗನ ಅಪ್ಪ ನಿನ್ನನ್ನೇ ಕೇಳ್ತಾರೆ. ನಿನಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ ಸುಂದರ. ದಿನಾ ಯೂನಿಫಾರ್ಮ್ ಹೊತ್ತುಕೊಂಡು ಹೋಗಿ ಬಾಬ್ ಅಲ್ ಬಹರೈನ್ ಹೆಬ್ಬಾಗಿಲಿನ ನೆರಳಲ್ಲಿ ಕೂತು ಬರ್ತೇನೆ. ನೀನು ನೋಡಿರಬಹುದು ಅಂತ ಒಂದು ಸಂಶಯ ಇತ್ತು."

ಸುಂದರ ಎದ್ದ. ಸೂಟ್‌ಕೇಸಿನಿಂದ ಪೇಪರಿನ ಪೊಟ್ಟಣ ತೆಗೆದು ಚೆನ್ನಪ್ಪನ ಮಡಿಲಿಗೆ ಹಾಕಿದ.

'ಸರೋಜಿನಿಗೆ, ಅಪ್ಪನಿಂದ.' ಅಕ್ಷರ ಸುಂದರನದು. ಚೆನ್ನಪ್ಪ ಬಿಚ್ಚಿದ. ಒಳಗೆ ಜರಿಯ ಸೀರೆ.

"ನೋಡಿದ್ದೆ," ಎಂದ ಸುಂದರ. "ತಿಂಗಳಾಯ್ತು. ನೋಡದ ಹಾಗೆ ಬಂದೆ. ಹುಡುಗನ ಕಡೆಯವರ ಎದುರು ಅಪ್ಪ ಕಳಿಸಿದ್ದು ಅಂತ ಕೊಡುವ ಅಂತ ಇಟ್ಟಿದ್ದೆ. ಒಂದು ಮಾತು ನನ್ನ ಹತ್ರ ಹೇಳಿದ್ರೆ ಎಂತ ಆಗ್ತಿತ್ತು ಅಣ್ಣ?"

ಚೆನ್ನಪ್ಪ ಸೀರೆಯಲ್ಲಿ ಮುಖ ಮುಚ್ಚಿಕೊಂಡ.

ಸುಂದರ ಲೀಲಾಧರನ ಕಡೆ ನೋಡಿದ. "ಬಕೆಟ್ಟು ತುಂಬಿದ್ದನ್ನು ನೀನು ನೋಡಿದ್ದು ಯಾವಾಗ?"

"ನಿನ್ನೆ. ನಾಲ್ಕೂವರೆ, ಐದಕ್ಕೆ."

"ಆಗ ಪಾಸ್‌ಪೋರ್ಟ್ ಒಣಗಿಯೇ ಇತ್ತಲ್ಲ?"

ಇತ್ತು. ಎ.ಸಿ. ಕೆಲಸದವನಾಗಿ ಯೋಚಿಸಿದ್ದರೆ ಐದು ನಿಮಿಷದ ಮಾತು. ಅವನು ಪತ್ತೇದಾರನಾಗಲು ಹೋದ. ಹನ್ನೆರಡು ಗಂಟೆ ಹೊತ್ತು ನೀರು ಪಾಸ್‌ಪೋರ್ಟಿನ ಮೇಲೆ ಬಿದ್ದಿತು.

* * *

ಸುಂದರ ಪೊಲೀಸರಿಗೆ ಹೇಳಲಿಲ್ಲ. ಚೆನ್ನಪ್ಪ ಅವತ್ತೇ ಟ್ರಂಕು ಹೊತ್ತುಕೊಂಡು ಹೋದ. ಸರೋಜಿನಿಯ ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತೆಂದು ಆಮೇಲೆ ಯಾರೋ ಹೇಳಿದರು. ಕುಸುಮಾವತಿ ಮೆಟ್ಟಿಲಲ್ಲಿ ಎದುರಾದರೂ ಮಾತಾಡುವುದಿಲ್ಲ. ಹಸನಬ್ಬ ನೀರಿಗೆ ಬೇರೆ ಮನೆ ಹಿಡಿದಿದ್ದಾನೆ. ಹೊಸ ಪಾಸ್‌ಪೋರ್ಟಿಗೆ, ಅದರ ಮೇಲೆ ವೀಸಾಕ್ಕೆ ಮೂರು ವಾರ ಎಂದರು.

ಗುರುವಾರ ತಂತಿ ಬಂತು. ಆಪರೇಷನ್ ಆಗಿದೆ, ಮಗು ಕ್ಷೇಮ. ಲೀಲಾಧರ ಅಂದು ಮೊದಲ ಸಲ ಹೊಟ್ಟೆ ತುಂಬ ಉಂಡ. ಎಲ್ಲ ಮುಗಿಯಿತು ಎಂದುಕೊಂಡ.

ಎರಡು ವಾರದ ಮೇಲೆ ಚಂದ್ರಾವತಿಯ ಕಾಗದ ಬಂತು. ಸುಂದರ ಓದಿ ಲೀಲಾಧರನ ಕೈಗಿಟ್ಟ.

'ಬುಧವಾರ ಬೆಳಿಗ್ಗೆ ವಿನೋದಾ ಮಂಚದ ಕಾಲು ಹಿಡಿದುಕೊಂಡು ಬಿಡಲಿಲ್ಲ. ಅಪ್ಪ ಬರಲಿ ಅಂತ ಒಂದೇ ಅಳು. ಕರೆದುಕೊಂಡು ಹೋಗಲು ಆಸ್ಪತ್ರೆಯ ಒಬ್ಬ ಆಳು ಬಂದ. ನಿಮ್ಮ ಫೋಟೋದಲ್ಲಿದ್ದ ಹಾಗೆಯೇ ಮೀಸೆ. ಇವಳು ಅಳು ನಿಲ್ಲಿಸಿ ನೋಡಿದಳು. ಅಪ್ಪ ಬಂದ ಅಂತ ನಕ್ಕು ಅವನ ಕೈ ಹಿಡಿದುಕೊಂಡು ಒಳಗೆ ಹೋದಳು. ನಾನು ಅಲ್ಲ ಅನ್ನಲಿಲ್ಲ. ಈಗಲೂ ಅಪ್ಪ ಎಲ್ಲಿ, ಕೈ ಹಿಡಿದ ಅಪ್ಪ ಎಲ್ಲಿ ಅಂತ ಕೇಳುತ್ತಾಳೆ. ನೀವು ಬಂದಾಗ ಯಾರು ಅಂತ ಹೇಳಲಿ? ಬರೆಯಿರಿ.'

ಸುಂದರ ಒಂದು ಖಾಲಿ ಏರ್‌ಮೇಲ್ ಹಾಳೆ, ಪೆನ್ನು ತಂದು ಅವನ ಮುಂದಿಟ್ಟ.

"ನೀನು ಪತ್ತೆ ಮಾಡುವವನಲ್ವಾ," ಎಂದ. "ಇದಕ್ಕೆ ಎಂತ ಬರೀಬೇಕು, ಹೇಳು."