ಕಾಯಿಸದೆ ಬಿಟ್ಟ ದೀಪದ ಕಂಬ

“ರೀ, ಮುಟ್ಬೇಡಿ ಅದನ್ನ!”

ಹಂಸಳ ಕೂಗಿಗೆ ಮುನೀಂದ್ರ ಬೆಚ್ಚಿಬಿದ್ದ. ಕೆ.ಆರ್. ಪುರದ ಆ ಲೋಹದ ತ್ರೀಡಿ ಪ್ರಿಂಟಿಂಗ್ ಘಟಕದಲ್ಲಿ ಅವನಿಗದು ಮೊದಲ ದಿನ. ಬೀರುವಿನ ಮೂಲೆಯಲ್ಲಿ, ಪ್ರಿಂಟಾದ ದಪ್ಪ ಲೋಹದ ತಟ್ಟೆಗೆ ಇನ್ನೂ ಅಂಟಿಕೊಂಡೇ ನಿಂತಿದ್ದ ಪುಟ್ಟ ದೀಪದ ಕಂಬಕ್ಕೆ ಕೈ ಹಾಕಿದ್ದನಷ್ಟೇ.

“ಇದಿನ್ನೂ ಫರ್ನೇಸ್‌ಗೆ ಹೋಗಿಲ್ವಾ? ಬುಡದಲ್ಲಿ ಬಿರುಕು ಬಿಟ್ಟಿದೆ ಮೇಡಂ!”

“ನಂಗೊತ್ತು. ನಿಮ್ ಕೆಲ್ಸ ನೋಡ್ಕೊಳ್ಳಿ.”

‘ಎಂಥ ಜಂಬ!’ ಅಂದುಕೊಂಡ ಅವನು. ಪಾಪ, ಅವನಿಗೇನು ಗೊತ್ತು?

ಕಂಬ ಮಾಡಿದವನು ಇದೇ ಘಟಕದಲ್ಲಿದ್ದ ಸೂರ್ಯ, ಹಂಸಳನ್ನು ಮದುವೆಯಾಗಬೇಕಿದ್ದವನು. ಮದುವೆಗೆಂದು ಅದನ್ನು ಪ್ರಿಂಟ್‌ಗೆ ಹಾಕಿ, ಊಟಕ್ಕೆಂದು ಹಲಸೂರಿಗೆ ಹೊರಟವನು ದಾರಿಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಅವನು ಹೋದ ಮೇಲೂ ಯಂತ್ರ ಪದರದ ಮೇಲೆ ಪದರ ಕರಗಿಸಿ ಕಂಬವನ್ನು ಮುಗಿಸಿತ್ತು!

ಹಾಗೆ ಕರಗಿ ಥಟ್ಟನೆ ಆರಿದ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ. ಕುಲುಮೆಯಲ್ಲಿ ಕಾಯಿಸಿದರೆ ಸಡಿಲಾಗುತ್ತದೆ. ಇಲ್ಲದಿದ್ದರೆ ಒಳಗೊಳಗೇ ಎಳೆದಾಡಿ ಸೀಳುತ್ತದೆ. ಆಗಾಗ... ‘ಟಿಣ್’ ಎಂದು ಸದ್ದೂ ಬರುತ್ತದೆ.

ಆ ಸದ್ದಿಗೆ ಹಂಸಳ ಎದೆ ಝಲ್ಲೆನ್ನುತ್ತಿತ್ತು. ‘ಕರೀತಿದ್ದಾನೆ... ಇಲ್ಲೇ ಇದ್ದಾನೆ!’ ಲೋಹದ ಗುಣವೆಲ್ಲ ಬಲ್ಲ ಹುಡುಗಿ, ಈ ಸದ್ದು ಬರೀ ಲೋಹದ್ದೆಂದು ಮಾತ್ರ ಒಪ್ಪಲೊಲ್ಲಳು. ಕಾಯಿಸಿದರೆ ಸದ್ದು ನಿಂತೀತೆಂದು ಕಂಬವನ್ನು ಬಚ್ಚಿಟ್ಟಿದ್ದಳು.

ದಿನ ಕಳೆದಂತೆ ಮುನಿಸು ಇಳಿಯಿತು. ಸಂಜೆ ಮೆಟ್ರೋದಲ್ಲಿ ಬೈಯಪ್ಪನಹಳ್ಳಿಯವರೆಗೆ ಇಬ್ಬರದೂ ಒಂದೇ ದಾರಿ. ಅವನ ಹರಟೆಗೆ ಅವಳು ಒಮ್ಮೆ ನಕ್ಕೂಬಿಟ್ಟಳು. ಮರುಕ್ಷಣವೇ ತಪ್ಪು ಮಾಡಿದವಳಂತೆ ಮುಖ ತಿರುಗಿಸಿದಳು.

ಒಂದು ಬೆಳಿಗ್ಗೆ ಬೀರು ಖಾಲಿ! ಹಂಸ ಓಡಿಹೋಗಿ ನೋಡಿದರೆ ಕಂಬ ಕುಲುಮೆಯೊಳಗಿದೆ, ಮುನೀಂದ್ರನ ಬೆರಳು ಸ್ವಿಚ್ಚಿನ ಮೇಲಿದೆ.

“ಯಾರನ್ನ ಕೇಳಿ ಇಟ್ರಿ?”

“ಒಡೆದುಹೋಗ್ತಿತ್ತು ಹಂಸ ಅವರೇ... ನೀವು ಮರೆತಿದ್ದೀರೇನೋ ಅಂದ್ಕೊಂಡೆ.”

“ಮರೆಯೋದಾ? ಅವನನ್ನ ಇನ್ನೊಂದ್ಸಲ ಸಾಯಿಸೋಕೆ ಹೊರಟಿದ್ದೀರಿ ನೀವು!”

ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಮುನೀಂದ್ರ ಕಂಬವನ್ನು ಹೊರತೆಗೆದು ಅವಳ ಮುಂದಿಟ್ಟ.

“ನೀವು ಹೇಳೋ ತನಕ ಮುಟ್ಟಲ್ಲ. ಆದ್ರೆ ಒಂದ್ಮಾತು... ಆ ಸದ್ದು ಬಂದಾಗೆಲ್ಲ ಅವರು ಮಾಡಿದ್ದು ಒಂಚೂರು ಮುರೀತಿದೆ.”

ಹಂಸ ಬಗ್ಗಿ ನೋಡಿದಳು. ಬಿರುಕು ಬುಡ ದಾಟಿ ಮೇಲೇರಿತ್ತು. ತಾನು ಇಷ್ಟು ದಿನ ಕಾಪಾಡಿದ್ದು ಈ ಬಿರುಕನ್ನೇ? ಕಂಬವನ್ನೆತ್ತಿ ತಾನೇ ಕುಲುಮೆಯೊಳಗಿಟ್ಟಳು. ಸ್ವಿಚ್ಚನ್ನೂ ತಾನೇ ಒತ್ತಿದಳು.

ಮರುದಿನ, ಆರಿದ ಕಂಬಕ್ಕೆ ಕಿವಿಯಿಟ್ಟು ಕೂತಳು. ಏನೂ ಕೇಳಿಸಲಿಲ್ಲ.

“ಬಿರುಕು ಮುಚ್ಚಲ್ಲ,” ಎಂದ ಮುನೀಂದ್ರ ಮೆಲ್ಲಗೆ. “ಇನ್ಮೇಲೆ ಬೆಳೆಯಲ್ಲ, ಅಷ್ಟೇ.”

“ಹೋಗ್ಬಿಟ್ಟ...” ಅವಳು ಕಂಬದಿಂದ ಕಿವಿ ತೆಗೆದಳು.

“ನಾನು ಅವರ ಜಾಗ ಕೇಳ್ತಿಲ್ಲ ಹಂಸ. ನೀವಂದ್ರೆ ನಂಗೆ ಜೀವ... ಹೇಳ್ದೆ ಇರೋಕಾಗ್ಲಿಲ್ಲ.”

ಅವಳು ಕಣ್ಣೊರೆಸಿಕೊಂಡು ಅವನ ತೋಳು ಹಿಡಿದಳು.

“ಮಾತಾಡ್ತಾ ಇರಿ ಮುನೀಂದ್ರ... ಈ ಮೌನ ತಡೆಯೋಕಾಗ್ತಿಲ್ಲ.”

“ಏನ್ ಮಾತಾಡ್ಲಿ?”

“ಏನಾದ್ರೂ... ನಿಮ್ ದನಿ ಕೇಳಿಸ್ತಿದ್ರೆ ಸಾಕು.”