ಜಪಾನಿ ಕುಂಡದ ತಳದ ಚೂರು

೧೯೬೬ನೆಯ ಇಸವಿ ನವೆಂಬರ್ ೧೪, ಸೋಮವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಸಾಗರ ಠಾಣೆಗೆ ಬಂದ ದೂರು ಕೇಳಿ ಗೋಡೆಯ ಗಡಿಯಾರವೂ ಒಂದು ಗಳಿಗೆ ನಿಂತುಬಿಟ್ಟಿತು. ಶನಿವಾರ ಅಂಗೈ ಅಗಲದ ಒಂದು ಮಡಕೆ ಕಳುವಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಹೂವಯ್ಯ ಮಾತ್ರ ನಗಲಿಲ್ಲ. ಹುಲಿಕಲ್ ಘಾಟಿಯಲ್ಲಿ ಬಿದ್ದ ಮೂಗುಬೊಟ್ಟನ್ನು ಮೂರು ಮಳೆಗಾಲ ಕಳೆದ ಮೇಲೆ ಹುಡುಕಿ ಕೊಟ್ಟ ಗಂಡಸು ಅವನು. ಅವನು ಟೋಪಿ ಹಾಕಿಕೊಂಡರೆ ಕಳೆದ ವಸ್ತು ತಾನೇ ನಾಚಿ ಎದುರಿಗೆ ಬರುತ್ತಿತ್ತು. ಹನ್ನೆರಡು ವರ್ಷದ ನೌಕರಿಯಲ್ಲಿ 'ಸಿಕ್ಕಿಲ್ಲ' ಎಂಬ ಪದವನ್ನು ಅವನ ಲೇಖನಿ ಒಮ್ಮೆಯೂ ಬರೆದಿರಲಿಲ್ಲ.

ದೂರುದಾರ ಅಣೆಕಟ್ಟೆಯ ಎಂಜಿನಿಯರ್ ಶ್ರೀಕೃಷ್ಣ. ತರಬೇತಿಗೆ ಜಪಾನಿಗೆ ಹೋದಾಗ ಒಬ್ಬ ಮುದಿ ಕುಂಬಾರನ ಮನೆಯಲ್ಲಿ ವರ್ಷವಿಡೀ ಇದ್ದವನು. ಹೊರಡುವ ದಿನ ಮುದುಕ ಕೈಯಾರೆ ಮಾಡಿದ ನೀಲಿ ಕುಂಡವೊಂದನ್ನು ಕೊಟ್ಟಿದ್ದ. ಅದಕ್ಕೆ ಮೂರು ಪುಟ್ಟ ಕಾಲು, ತಳದಲ್ಲಿ ಮುದುಕನ ಹೆಬ್ಬೆರಳಿನ ಗುರುತು. ಕುಂಡದೊಳಗೆ ಗೇಣುದ್ದದ ಅಶ್ವತ್ಥ.

"ಗಿಡಾನೂ ಬರ್ಕೊಳ್ಳೋದಾ?" ಎಂದು ಕಾನ್‌ಸ್ಟೇಬಲ್ ದುಗ್ಗಪ್ಪ ಕೇಳಿದ.

"ಬೇಡ. ಮುಳುಗಡೆ ಊರಿನ ಕಟ್ಟೆ ಸಂದಿಯಿಂದ ಕಿತ್ತು ತಂದಿದ್ದು. ಅಂಥದ್ದು ಇನ್ನೊಂದು ಸಿಗ್ತದೆ. ಕುಂಡ ಸಿಗಲ್ಲ, ಮಾಡಿದವರು ಹೋದ ವರ್ಷ ತೀರ್ಕೊಂಡ್ರು."

ಎಫ್‌ಐಆರ್‌ನಲ್ಲಿ ಕುಂಡವೊಂದೇ ದಾಖಲಾಯಿತು.

ಬೊಂಬಾಯಿಯಿಂದ ಹಾಂಕಾಂಗಿನವರೆಗೆ ಹರಡಿದ ಕಳ್ಳರ ಕೂಟವನ್ನೇ ಹಿಡಿಯುವ ಉಮೇದಿನಲ್ಲಿ ಹೂವಯ್ಯ ಹನ್ನೊಂದೂವರೆಗೆ ಎಂಜಿನಿಯರ್ ಮನೆಯ ಜಗಲಿಯಲ್ಲಿ ಪಂಚನಾಮೆ ನಡೆಸಿದ. ಕುಂಡ ಇದ್ದ ಜಾಗದಲ್ಲಿ ನಾಲ್ಕು ಕಾಳು ಅಕ್ಷತೆ, ಒಂದು ತುಂಡು ಅರಿಶಿನ ದಾರ. ದೇವರ ಗಿಡವನ್ನು ಅಲುಗಿಸುವ ಮುಂಚೆ ಅಕ್ಷತೆ ಹಾಕಿ ಅಪ್ಪಣೆ ಕೇಳುವುದು ಹಳ್ಳಿಯವರ ರೂಢಿ. ಕುಂಡದ ಆಸೆಗೆ ಬಂದವರು ಅದನ್ನು ಮಾಡುವುದಿಲ್ಲ. ಹಾಂಕಾಂಗ್ ಅಲ್ಲಿಗೇ ಮುಗಿಯಿತು.

ಯಾರಾದರೂ ಗಿಡವನ್ನು ದಿಟ್ಟಿಸಿ ನೋಡಿದ್ದುಂಟೇ ಎಂದು ಕೇಳಿದಾಗ ಶ್ರೀಕೃಷ್ಣ ನೆನಪು ಮಾಡಿಕೊಂಡ. ಹಿಂದಿನ ತಿಂಗಳು ತಾನು ಗಿಡದ ಬೇರು ಕತ್ತರಿಸುತ್ತಿದ್ದಾಗ ಅರ್ಜಿಗೆ ಸಹಿ ಹಾಕಿಸಲು ಬಂದ ಹೆಂಗಸೊಬ್ಬಳು ಅದು ಯಾವ ಊರಿನ ಗಿಡವೆಂದು ಕೇಳಿ, ಅಲ್ಲೇ ನಿಂತು ಅತ್ತಿದ್ದಳಂತೆ. ಮುಳುಗಡೆಯವಳು, ಈಗ ತೀರ್ಥಹಳ್ಳಿ ಕಡೆ ಇರುವವಳು. ಅರ್ಜಿಯ ಚಿಂತೆಗೆ ಅಳುತ್ತಾಳೆಂದು ಅವನು ತಿಳಿದಿದ್ದ.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಗಣೇಶಮೂರ್ತಿ ಸಿಕ್ಕಿದ.

"ಶನಿವಾರ ಒಬ್ಬಂಟಿ ಹೆಂಗಸು ಯಾರಾದ್ರೂ ಬಂದ್ರಾ?"

"ಒಬ್ಬಂಟಿ ಅಲ್ಲ ಸಾರ್, ಮಡಿಲಲ್ಲಿ ಕೂಸಿತ್ತು. ಅದರ ಮುಖಕ್ಕೆ ಸೆರಗು ಮುಚ್ಚಿದ್ಳು. ಪಾಪ, ದಾರಿಯುದ್ದಕ್ಕೂ ಅಳ್ಲೇ ಇಲ್ಲ."

ಹೂವಯ್ಯ ದುಗ್ಗಪ್ಪನ ಮುಖ ನೋಡಿದ. ಆ ರಸ್ತೆಯ ಗುಂಡಿಗಳಿಗೆ ಕಲ್ಲಿನ ಬಸವಣ್ಣನೂ ಗೋಳೋ ಎಂದು ಅಳಬೇಕು. ಅಳದ ಕೂಸು ಕೂಸೇ ಅಲ್ಲ.

ಮರುದಿನ ಮೂರು ಗಂಟೆಗೆ ಅವಳು ಇಳಿದ ಕಡೆಯೇ ಇಳಿದು, ಮುಳುಗಡೆಯವರ ಹೊಸ ಗುಡಿಸಲುಗಳತ್ತ ನಡೆದರು. ಕೊನೆಯ ಗುಡಿಸಲಿನ ಹಿಂದೆ ಮುಳ್ಳಿನ ಬೇಲಿ. ಬೇಲಿಯೊಳಗೆ ಗೇಣುದ್ದದ ಅಶ್ವತ್ಥ, ಕಾಂಡಕ್ಕೆ ಅರಿಶಿನ ದಾರ. ಪಕ್ಕದಲ್ಲಿ ನೀಲಿ ಚೂರುಗಳನ್ನು ಒಪ್ಪವಾಗಿ ಜೋಡಿಸಿಟ್ಟಿತ್ತು. ಬೇಲಿ ಕಟ್ಟುತ್ತಿದ್ದ ಆ ಹೆಂಗಸು, ಯಮುನಮ್ಮ, ಓಡಲಿಲ್ಲ.

"ಒಡೆದಿದ್ದು ಯಾರಮ್ಮ?"

"ನಾನೇ."

"ಯಾಕೆ?"

"ಗಿಡ ನೆಡೋವಾಗ ಮಡಕೆ ಒಡೀಬೇಕಲ್ಲ ಸ್ವಾಮಿ? ಕಿತ್ರೆ ಬೇರಿಗೆ ನೋವಾಗ್ತದೆ. ಅವ್ರಿಗೇನು, ಕುಂಬಾರ ಇನ್ನೊಂದು ಮಾಡ್ಕೊಡ್ತಾನೆ."

"ಆ ಕುಂಬಾರ ಸತ್ತುಹೋದ."

ಅಷ್ಟು ಹೊತ್ತು ನಿಂತಿದ್ದವಳು ಕುಸಿದು ಕೂತಳು. "ಅವ್ನಿಗೆ ಮಕ್ಕಳಿದ್ರಾ?"

ಹೂವಯ್ಯನಿಗೆ ಅದು ಗೊತ್ತಿರಲಿಲ್ಲ. ಕೇಳಬೇಕಾದ್ದೆಲ್ಲವನ್ನೂ ಕೇಳಿ ಬಂದೆನೆಂದು ಅವನು ತಿಳಿದಿದ್ದ.

ಉಳಿದದ್ದನ್ನು ಅವಳೇ ಹೇಳಿದಳು. ಮಕ್ಕಳಾಗಲಿಲ್ಲವೆಂದು ಅವಳೂ ಗಂಡ ಸುಬ್ಬಪ್ಪನೂ ಊರ ಕಟ್ಟೆಯಲ್ಲಿ ಅಶ್ವತ್ಥ ನೆಟ್ಟು, ಮಗನೆಂದೇ ಸಾಕಿ, ಪಕ್ಕದ ಬೇವಿನ ಗಿಡದ ಜೊತೆ ಮದುವೆ ಮಾಡಿ ಊರಿಗೆಲ್ಲ ಪಾಯಸ ಬಡಿಸಿದ್ದರು. ಹಿನ್ನೀರು ಏರಿದಾಗ ಮಗ ಕುತ್ತಿಗೆವರೆಗೆ ಮುಳುಗುವುದನ್ನು ಸುಬ್ಬಪ್ಪ ಗುಡ್ಡದ ಮೇಲೆ ಕೂತು ನೋಡಿದ. ಮುಂದಿನ ಮಳೆಗಾಲಕ್ಕೆ ಅವನೂ ಇರಲಿಲ್ಲ. ಆಮೇಲೆ ಒಂದು ದಿನ ಎಂಜಿನಿಯರ್ ಜಗಲಿಯಲ್ಲಿ ಅವಳು ಮೊಮ್ಮಗನನ್ನು ಕಂಡಳು.

"ಕತ್ತರಿ ಹಿಡ್ಕೊಂಡು ಅದರ ಕಾಲು ಕತ್ತರಿಸ್ತಿದ್ರು ಸ್ವಾಮಿ. ದೊಡ್ಡದಾಗಬಾರ್ದಂತೆ."

ನಾಲ್ಕೂ ಇಪ್ಪತ್ತಕ್ಕೆ ದಸ್ತಗಿರಿ. ಗಿಡದಲ್ಲಿ ಒಂಬತ್ತು ಎಲೆಗಳಿದ್ದವು, ಐದು ಬಾಡಿದ್ದವು. ದುಗ್ಗಪ್ಪ ಚೂರುಗಳನ್ನು ಎಣಿಸಿದ. ಏಳು.

"ತಳ ಇಲ್ಲ ಸಾರ್."

"ಅದು ಮಣ್ಣೊಳಗಿದೆ," ಎಂದಳು ಯಮುನಮ್ಮ. "ಬೇರು ಅದನ್ನ ತಬ್ಬಿಕೊಂಡಿತ್ತು, ಬಿಡ್ಲೇ ಇಲ್ಲ. ಹಾಗೇ ನೆಟ್ಟೆ."

ದುಗ್ಗಪ್ಪ ಪಿಕಾಸಿಗಾಗಿ ಸುತ್ತ ನೋಡಿದ. ಹೂವಯ್ಯ ಗಿಡಕ್ಕೆ ಒಂದು ಚೊಂಬು ನೀರು ಹಾಕಲು ಅವಳನ್ನು ಬಿಟ್ಟು, "ನಡೀರಿ, ಬಸ್ಸಿಗೆ ಹೊತ್ತಾಯ್ತು," ಎಂದ. ಬಸ್ಸಿನಲ್ಲಿ ಅವಳ ಕೈಗಳು ಹೊಸನಗರ ದಾಟುವವರೆಗೂ ಮಡಿಲಲ್ಲಿ ಏನನ್ನೋ ಹಿಡಿದುಕೊಂಡಂತೆಯೇ ಇದ್ದವು. ಗಣೇಶಮೂರ್ತಿ ಅವಳ ಕಡೆ ನೋಡದೆ ಟಿಕೆಟ್ ಹರಿದ.

ಮರುದಿನ ಠಾಣೆಯಲ್ಲಿ ಶ್ರೀಕೃಷ್ಣ ಏಳು ಚೂರನ್ನೂ ಒಂದೊಂದಾಗಿ ತಿರುಗಿಸಿ ನೋಡಿದ. ಆಮೇಲೆ ಮತ್ತೊಮ್ಮೆ ನೋಡಿದ.

"ಹೆಬ್ಬೆರಳಿನ ಗುರುತಿದ್ದದ್ದು? ಅದೊಂದಾದರೂ ಸಾಕಿತ್ತು."

ಹೂವಯ್ಯ ಅವನ ಮುಖ ನೋಡಲಿಲ್ಲ. ಕಡತ ಎಳೆದುಕೊಂಡು, ಮಸಿಯಲ್ಲಿ ಲೇಖನಿ ಅದ್ದಿ, ಷರಾ ಎಂಬಲ್ಲಿ ಬರೆದ: ತಳದ ಚೂರು ಸಿಕ್ಕಿಲ್ಲ.