ಮಸಿ ಮುಖದ ಹಾಡುಗಾರ

"ನಿಲ್ಲಿಸ್ರೀ ಮೊದಲು!"

ಯಾರಿಗೂ ಕೇಳಿಸಲಿಲ್ಲ. ಮಹಾಲಕ್ಷ್ಮೀ ಸೀದಾ ಗೋಡೆಯ ಬಳಿ ಹೋದವಳೇ ಪ್ಲಗ್ ಕಿತ್ತುಬಿಟ್ಟಳು!

ಗಿಟಾರಿನ ಸದ್ದು ಸತ್ತಿತು. ಡ್ರಮ್ ಬಾರಿಸುತ್ತಿದ್ದ ಶ್ಯಾಮನ ಕೈ ಗಾಳಿಯಲ್ಲೇ ನಿಂತಿತು.

1987ರ ಒಂದು ಮಧ್ಯಾಹ್ನ. ಸಾಗರದಲ್ಲಿ ಬಾಗಿಲು ಮುಚ್ಚಿದ್ದ ಹಳೆಯ ಟೂರಿಂಗ್ ಟಾಕೀಸಿನ ಶೆಡ್ಡು. ಮೈಕಿನ ಮುಂದೆ ನಿಂತಿದ್ದವನ ಮುಖಕ್ಕೆಲ್ಲ ಮಸಿ, ಕಣ್ಣಿನ ಸುತ್ತ ಸುಣ್ಣ.

"ಯಾರ್ರೀ ನೀವು?"

"ಪಕ್ಕದ ಶಾಲೆಯ ಸಂಗೀತದ ಟೀಚರ್. ನಮ್ಮ ಹುಡುಗೀರಿಗೆ ಶ್ರುತಿ ಹಿಡಿಯೋಕೆ ಆಗ್ತಿಲ್ಲ. ಏನ್ರೀ ಇದು ಅರಚಾಟ?"

"ಬ್ಲ್ಯಾಕ್ ಮೆಟಲ್ ಅಂತಾರೆ. ಮುಖಕ್ಕೆ ಮಸಿ ಬಳ್ಕೊಂಡು ಕೂಗೋ ವಿದೇಶಿ ಸಂಗೀತ. ಬೊಂಬಾಯಿಂದ ಗೆಳೆಯ ಕ್ಯಾಸೆಟ್ ತಂದಿದ್ದ. ನಮ್ಮ ಬ್ಯಾಂಡಿನ ಹೆಸರು ಕಗ್ಗತ್ತಲು."

"ಯಾರ ಮೇಲೆ ಇಷ್ಟೊಂದು ಸಿಟ್ಟು?"

ಅವನು ತಡೆದು ಹೇಳಿದ. "ನೀರಿನ ಮೇಲೆ."

ಆಗ ಅವಳು ನೋಡಿದಳು... ಮಸಿಯ ನಡುವೆ ಕಣ್ಣೀರು ಇಳಿದ ಗೆರೆ ಇತ್ತು!

ಅವನ ಹೆಸರು ಉಮಾಮಹೇಶ್ವರ. ಚಿಕ್ಕವನಿದ್ದಾಗ ಅವನ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. ಅಪ್ಪ ಮಂಜುನಾಥಪ್ಪ ಹೊಸನಗರದ ಬಳಿ ಬೇರೆ ಮನೆ ಕಟ್ಟಿದರು. ಅಮ್ಮನಿಗೆ ಆ ಮನೆ ಕೊನೆಗೂ ಒಗ್ಗಲಿಲ್ಲ. ಹೆಚ್ಚು ಕಾಲ ಬದುಕಲೂ ಇಲ್ಲ. ಅಪ್ಪ ಮುಳುಗಿದ ಊರಿನ ಮಾತನ್ನೇ ಎತ್ತುತ್ತಿರಲಿಲ್ಲ.

"ಹಾಡಿನ ಮಾತು ಏನು? ಹೇಳಿ, ಕೇಳ್ತೀನಿ," ಎಂದಳು ಮಹಾಲಕ್ಷ್ಮೀ.

ಅವನು ಮೆಲ್ಲಗೆ ಹೇಳತೊಡಗಿದ. ಸಿಹಿನೀರಿನ ಬಾವಿ, ಬೇಲಿಯ ದಣಪೆ ದಾಟಿ ಬರುತ್ತಿದ್ದ ಕೆಂಪು ದನ, ಅಮ್ಮ ಬೀಗ ಹಾಕದೆ ಬಿಟ್ಟು ಬಂದ ಬಾಗಿಲು...

ಅವಳು ಕೈಯಲ್ಲಿದ್ದ ಪ್ಲಗ್ ಕೆಳಗಿಟ್ಟಳು.

"ಇಷ್ಟು ಚಂದದ ಮಾತು... ಒಂದೂ ಕೇಳಿಸಲಿಲ್ಲವಲ್ರೀ ನನಗೆ!"

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳು ಶೆಡ್ಡಿಗೆ ಬರತೊಡಗಿದಳು. ಅವನ ಮಾತುಗಳಿಗೆ ಒಂದು ರಾಗ ಕೂಡಿಸಿಕೊಟ್ಟಳು. ಅವನ ಕೂಗು ದಿನದಿಂದ ದಿನಕ್ಕೆ ತಗ್ಗಿತು. ಗಿಟಾರಿನ ತಂತಿಗಳು ಒಂದೊಂದಾಗಿ ಮಾತಾಡಲು ಕಲಿತವು. ಅವಳು ಬರುವ ಹೊತ್ತಿಗೆ ಅವನು ಕೊಬ್ಬರಿ ಎಣ್ಣೆ ಹಚ್ಚಿ ಮಸಿ ಒರೆಸಿಕೊಂಡಿರುತ್ತಿದ್ದ. ಕಿವಿಯ ಬಳಿ ಮಾತ್ರ ಒಂದಿಷ್ಟು ಉಳಿದಿರುತ್ತಿತ್ತು.

'ಸೆರಗಿನಿಂದ ಒರೆಸಿಬಿಡಲೇ?' ಎನ್ನಿಸುತ್ತಿತ್ತು ಅವಳಿಗೆ. ಬೆರಳುಗಳನ್ನು ಬಿಗಿಯಾಗಿ ಮಡಚಿಕೊಳ್ಳುತ್ತಿದ್ದಳು.

ಒಂದು ದಿನ ಶ್ಯಾಮ ಶಾಲೆಯ ಗೇಟಿನ ಬಳಿ ಕಾದು ನಿಂತಿದ್ದ.

"ಟೀಚರ್, ನೀವು ಬಂದ್ಮೇಲೆ ನಮ್ಮ ಬ್ಯಾಂಡು ಭಜನಾ ಮಂಡಳಿ ಆಗೋಯ್ತು. ಅವನ ಸಿಟ್ಟು ಕಸ್ಕೊಂಡ್ರಿ ನೀವು. ಅವನ ಹತ್ರ ಇದ್ದಿದ್ದು ಅದೊಂದೇ! ನಿಮ್ಮನ್ನ ಮೆಚ್ಚಿಸೋಕೆ ಅಮ್ಮನ್ನೇ ಮರೀತಿದಾನೆ."

ಆ ಮಾತು ಅವಳೆದೆಗೆ ನಾಟಿತು. 'ಹೌದಾ? ನಾನು ಅವರ ನೋವನ್ನೇ ಕದ್ದೆನಾ?'

ಮರುದಿನ ಅವನ ಮುಖ ನೋಡದೆ ಹೇಳಿಬಿಟ್ಟಳು. "ಈ ರಾಗ ನಿಮಗೆ ಒಪ್ಪಲ್ಲ. ಮೊದಲಿನ ಹಾಗೇ ಹಾಡಿ. ನಾನಿನ್ನು ಬರಲ್ಲ."

"ನಿಮಗೆ... ಇಷ್ಟ ಆಗಲಿಲ್ವಾ?"

"ಇಲ್ಲ."

ಅವನು ಗಿಟಾರನ್ನು ಕೆಳಗಿಟ್ಟ. 'ಮುಳುಗಿದ ಊರಿನವನು, ಅರಚುವವನು... ಇಂಥವನು ಯಾರಿಗೆ ಬೇಕು?' ಎಂದುಕೊಂಡ. ಅವಳನ್ನು ತಡೆಯಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಊರಿಗೆ, ತೀರ್ಥಹಳ್ಳಿಗೆ ಮರಳಿ ಅಲ್ಲೇ ಕೆಲಸಕ್ಕೆ ಸೇರಿದಳು.

ಊರೇನೋ ತನ್ನದೇ. ಕಿವಿ ಮಾತ್ರ ಸಾಗರದಲ್ಲೇ ಉಳಿದಿತ್ತು! ರಸ್ತೆಯಲ್ಲಿ ಲಾರಿ ಗುಡುಗಿದರೂ ಕತ್ತು ತಿರುಗುತ್ತಿತ್ತು. ಮಕ್ಕಳಿಗೆ ಪಾಠ ಹೇಳುತ್ತಾ ಅವನ ಸಾಲೊಂದು ನಾಲಿಗೆಗೆ ಬಂದು, ಹಾಡಲಾರದೆ ಸುಮ್ಮನಾಗುತ್ತಿದ್ದಳು. ನೋಡಲು ಬಂದ ಗಂಡುಗಳನ್ನೆಲ್ಲ ಬೇಡವೆಂದಳು.

"ಯಾರನ್ನ ಕಾಯ್ತಿದೀಯೇ?" ಎಂದು ತಾಯಿ ವರದಮ್ಮ ಕೇಳಿದರು.

"ಯಾರನ್ನೂ ಇಲ್ಲಮ್ಮ," ಎಂದವಳು ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಮರುವರ್ಷ ಊರಿನ ಯುವಕ ಸಂಘದ ವಾರ್ಷಿಕೋತ್ಸವ. ಮೈಕಿನಲ್ಲಿ ಸಾಗರದ ಬ್ಯಾಂಡಿನ ಹೆಸರು ಕೇಳಿ ಅವಳ ಕಾಲು ತಾನಾಗಿಯೇ ಅತ್ತ ನಡೆಯಿತು.

ಮುಖಕ್ಕೆ ಮಸಿ ಇಲ್ಲದೆ ಉಮಾಮಹೇಶ್ವರ ವೇದಿಕೆಯಲ್ಲಿದ್ದ. ಬಡವಾಗಿದ್ದ.

ಗಿಟಾರು ನಿಧಾನವಾಗಿ ಶುರುವಾಯಿತು. ಬಾವಿ ಬಂತು, ದನ ಬಂತು, ಅಮ್ಮನ ಬಾಗಿಲು ಬಂತು. ಒಂದೊಂದು ಮಾತೂ ಸ್ಪಷ್ಟ. ಕೊನೆಯಲ್ಲಿ ಶ್ಯಾಮನ ಡ್ರಮ್ಮು ಸಿಡಿಯಿತು; ಉಮಾಮಹೇಶ್ವರ ಹಳೆಯ ಹಾಗೆಯೇ ಒಮ್ಮೆ ಎದೆ ಬಿರಿಯುವಂತೆ ಕೂಗಿದ! ಕೂಗು ಇಳಿದು ಮತ್ತೆ ರಾಗಕ್ಕೆ ಸೇರಿತು.

ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗು ಬಾಯಿಗೊತ್ತಿ ಬಿಕ್ಕಿದಳು. "ನಮ್ಮೂರೂ ಹಿಂಗೇ ಹೋಯ್ತಲ್ಲೇ..."

ಮಹಾಲಕ್ಷ್ಮೀಗೆ ನಿಲ್ಲಲಾಗಲಿಲ್ಲ. ವೇದಿಕೆಯ ಹಿಂದೆ ಹೋದಳು. ಅವಳನ್ನು ಕಂಡು ಶ್ಯಾಮ ತಲೆ ತಗ್ಗಿಸಿ ದೂರ ಸರಿದ.

"ನಾನು ಅವತ್ತು ಸುಳ್ಳು ಹೇಳಿದೆ," ಎಂದಳು ಒಂದೇ ಉಸಿರಿಗೆ. "ಆ ರಾಗ ನನ್ನ ಜೀವ. ನಿಮ್ಮ ನೋವನ್ನ ನಾನು ಕಸ್ಕೊಳ್ತಿದೀನಿ ಅಂತ ಹೆದರಿಬಿಟ್ಟೆ..."

ಅವನು ಭುಜದಿಂದ ಗಿಟಾರು ಇಳಿಸಿದ.

"ನೀವು ಹೋದ್ಮೇಲೆ ಮೊದಲಿನ ಹಾಗೆ ಕೂಗೋಕೆ ನೋಡಿದೆ. ಆಗಲಿಲ್ಲ. ಒಂದಿನ ಮನೇಲಿ ಮೆಲ್ಲಗೆ ಹಾಡ್ತಿದ್ದೆ. ಅಪ್ಪ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡ್ರು. ಊರು ಬಿಟ್ಟ ಮೇಲೆ ಅವರು ಅತ್ತಿದ್ದನ್ನ ಅವತ್ತೇ ನಾನು ನೋಡಿದ್ದು. 'ಇನ್ನೊಂದು ಸಲ ಹಾಡೋ' ಅಂದ್ರು. ಅವರಿಗೋಸ್ಕರ ಈ ರಾಗ ಉಳಿಸ್ಕೊಂಡೆ."

"ಹಾಗಾದ್ರೆ... ನನಗೋಸ್ಕರ ಏನೂ ಇಲ್ವಾ?" ಬಾಯಿತಪ್ಪಿ ಬಂದೇಬಿಟ್ಟಿತು! ನಾಚಿ ತುಟಿ ಕಚ್ಚಿಕೊಂಡಳು.

ಅವನು ನಕ್ಕ. ಕಣ್ಣು ತುಂಬಿತ್ತು.

"ಇಲ್ಲಿಗೆ ನಮ್ಮನ್ನ ಯಾರೂ ಕರೀಲಿಲ್ಲ, ಲಕ್ಷ್ಮೀ. ನಾನೇ ಸಂಘದವರ ಕೈಕಾಲು ಹಿಡಿದು ಬಂದೆ. ನೀವು ಈ ಊರಲ್ಲಿದೀರಿ ಅಂತ."

ಅವಳ ಕೆನ್ನೆಯ ಮೇಲೆ ನೀರು ಹರಿಯಿತು. ಒರೆಸಿಕೊಳ್ಳಲಿಲ್ಲ.

"ನನ್ನ ಜೊತೆ ಬರ್ತೀರಾ?" ಎಂದ.

"ಮನೆಗೆ ಬಂದು ಅಮ್ಮನ್ನ ಕೇಳಿ. ಮೆಲ್ಲಗೆ ಕೇಳಿ, ಹೆದರ್ತಾರೆ."

"ಸಂತೋಷಕ್ಕೆ ನಾನು ಕೂಗಿಬಿಟ್ರೆ?"

ಅವಳು ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಕೂಗಿ. ಒಳಗಿಂದ ನಾನೂ ಅಷ್ಟೇ ಜೋರಾಗಿ ಹೂಂ ಅಂತೀನಿ."